ಈರುಳ್ಳಿ ಕೊಂಡ ಮೀನು

ಕಣ್ಣು ಚೆನ್ನಾಗಿದ್ದವನೂ ಕನ್ನಡಕ ಹಾಕಿಕೊಂಡರೆ ಮಾತಿಗೆ ತೂಕ ಬರುತ್ತದೆ ಎಂದು ನಮ್ಮ ಆತಿಮೆ ಗಿಂದೋ ನಂಬಿದ್ದ. ಕೊರೊಬಾ ಪೇಟೆಯ ಈರುಳ್ಳಿ ಸಾಲಿಗೆ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದ ವಾರವೇ ಒಂದು ಕನ್ನಡಕ ಕೊಂಡ. ಅದರಲ್ಲಿದ್ದದ್ದು ಬರೀ ಕಿಟಕಿ ಗಾಜು. ಅಧ್ಯಕ್ಷನ ಕೆಲಸವೆಂದರೆ ಕತ್ತೆಗಳನ್ನು ಎಲ್ಲಿ ಕಟ್ಟಬೇಕೆಂದು ಹೇಳುವುದು, ಕಟ್ಟಿದ ಮೇಲೆ ಅಲ್ಲಿ ಕಟ್ಟಬಾರದಿತ್ತು ಎನ್ನುವುದು. ಇದಕ್ಕೆ ಕನ್ನಡಕ ಬೇಕಿಲ್ಲ. ಆದರೆ ಯಾರಾದರೂ ಅಧಿಕಾರಿ ಪೇಟೆಗೆ ಬಂದರೆ ಅದು ಜೇಬಿನಿಂದ ಹೊರಗೆ ಬರುತ್ತಿತ್ತು. ಆತಿಮೆ ಅದನ್ನು ಮೂಗಿಗೇರಿಸಿ ಗಂಟಲು ಸರಿಮಾಡಿಕೊಂಡನೆಂದರೆ, ನದಿ ದಂಡೆಯ ಚಹಾದ ಕೂಟದ ನಾವೆಲ್ಲ ಲೋಟ ಕೆಳಗಿಡುತ್ತಿದ್ದೆವು. ನಗುವಾಗ ಚಹಾ ಚೆಲ್ಲಬಾರದಲ್ಲ.

ಆತಿಮೆ ದೋಗೋನ ಕುಲದವನು. ಅವರು ಬಂಡೆಯ ನಾಡಿನವರು, ಈರುಳ್ಳಿ ಬೆಳೆಯುವವರು. ಅವನ ಜೀವದ ಗೆಳೆಯ ಕೊಲಾ ಕರಾಬೆಂತಾ ಬೋಜೋ ಕುಲದವನು, ಎಂದರೆ ಜೋಲಿಬಾ ನದಿಯ ಬೆಸ್ತ. ಈ ಎರಡು ಕುಲಗಳಿಗೆ ಅಜ್ಜಂದಿರ ಕಾಲದಿಂದ ಬೈದಾಟದ ನೆಂಟಸ್ತಿಕೆ. ಎದುರಾದರೆ ಬೈಯಲೇಬೇಕು. ಬೈಸಿಕೊಂಡವನು ಕೋಪ ಮಾಡಿಕೊಳ್ಳಬಾರದು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಇಲ್ಲವೆನ್ನಬಾರದು. ಸತ್ತರೂ ಬಿಡುಗಡೆಯಿಲ್ಲ. ಬೋಜೋ ಸತ್ತರೆ ದೋಗೋನ ಹೋಗಿ ಹೆಣದ ಮುಂದೆ ಕೋಡಂಗಿ ಆಟ ಆಡಬೇಕು, ಸತ್ತವನನ್ನು ಬೈಯಬೇಕು, ಅಳುವವರನ್ನು ನಗಿಸಬೇಕು. ದೋಗೋನ ಸತ್ತರೆ ಬೋಜೋ ಅದೇ ಋಣ ತೀರಿಸಬೇಕು.

ಹಾಗಾಗಿ ಬೆಳಗಾದರೆ ದೋಣಿಯಿಂದಲೇ ಕೊಲಾನ ಕೂಗು.

"ಏನೋ ಈರುಳ್ಳಿ, ಇನ್ನೂ ಕೊಳೆತಿಲ್ವಾ?"

"ನೀನು ಬರೋದು ವಾಸನೆಗೇ ಗೊತ್ತಾಯ್ತು ಕಣೋ ಮೀನುನಾತ. ಮಸೀದೀಲಿ ಮೂಗು ಮುಚ್ಕೊಂಡು ಬಾಂಗು ಕೂಗ್ತಿದಾರೆ."

"ಸ್ನಾನ ಅಂದ್ರೆ ಏನೂಂತ ಗೊತ್ತಿಲ್ದ ಬಂಡೆ ಕೋತಿ, ನಂಗೆ ವಾಸನೆ ಪಾಠ ಹೇಳ್ತಾನೆ ನೋಡ್ರಪ್ಪ."

ಇಷ್ಟಾದ ಮೇಲೆ ಇಬ್ಬರೂ ಕೊಲಾನ ಮನೆಗೆ ಹೋಗಿ, ಅವನ ಹೆಂಡತಿ ಕಾದಿಯಾ ಮಾಡಿದ ಮೀನಿನ ಅನ್ನವನ್ನು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಮೀನು ಅವನದು, ಈರುಳ್ಳಿ ಇವನದು. ಬೈಗುಳ ತಪ್ಪಿದ ದಿನ ಇಬ್ಬರಲ್ಲಿ ಒಬ್ಬನಿಗೆ ಜ್ವರ ಎಂದೇ ನಾವು ತಿಳಿಯುತ್ತಿದ್ದೆವು.

ನದಿಯ ನೀರು ತೀರಾ ಇಳಿದ ವರ್ಷ ಅದು. ಒಂದು ಸಂತೆಯ ದಿನ ಕೊಲಾ ಈರುಳ್ಳಿ ಅಂಗಡಿಯ ಮುಂದೆ ಬಂದು ನಿಂತ. ಕೂಗಲಿಲ್ಲ. ಮೂಗು ಮುಚ್ಚಿಕೊಳ್ಳಲಿಲ್ಲ.

"ಆತಿಮೆ" ಎಂದ.

ಆತಿಮೆಯ ಕೈಯಲ್ಲಿದ್ದ ತಕ್ಕಡಿ ನಡುವಿನಲ್ಲೇ ನಿಂತಿತು. ಅವನ ಹೆಸರು ಕೊಲಾನ ಬಾಯಿಂದ ಬಂದದ್ದು ಅದೇ ಮೊದಲು.

"ಆತಿಮೆ, ಸ್ವಲ್ಪ ಕೇಳು. ಕರೆಂಟು ಮೀನು ದಡ ಹತ್ತಿ ನಡೀತಿದೆ."

ಕರೆಂಟು ಮೀನು ನಮಗೆ ಹೊಸದಲ್ಲ. ನದಿಯಲ್ಲಿ ಅದನ್ನು ಮುಟ್ಟಿದರೆ ತೋಳು ಜುಮ್ಮೆನ್ನುತ್ತದೆ ಎಂದು ಇಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆದರೆ ಕೊಲಾ ಹೇಳಿದ್ದು ಬೇರೆ. ಈ ಮೀನಿನ ಎದೆಯ ರೆಕ್ಕೆ ದಪ್ಪಗಾಗಿದೆ, ಅದನ್ನೂರಿ ಒದ್ದೆ ಕೆಸರಿನ ಮೇಲೆ ತೆವಳಿ ಬರುತ್ತದೆ, ಗಾಳಿಯನ್ನೇ ಉಸಿರಾಡುತ್ತದೆ, ನೀರಿನ ಗುಡಾಣದ ತಣ್ಣನೆಯ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಅಡಗುತ್ತದೆ. ಅದರ ಹೊಡೆತ ಜುಮ್ಮೆನ್ನುವುದಲ್ಲ. ಮೇಲಿನ ಕೇರಿಯಲ್ಲಿ ಒಂದು ಕತ್ತೆ ನಿಂತಲ್ಲೇ ಬಿದ್ದು ಸತ್ತಿದೆ.

"ನದಿ ವರ್ಷಾ ವರ್ಷಾ ನಮ್ಮನ್ನ ಬಿಟ್ಟು ದೂರ ಹೋಗ್ತಿದೆ" ಎಂದ ಕೊಲಾ. "ನಾವು ಬೋಜೋಗಳು ಬೀಡಿ ಸೇದ್ತಾ ಕೂತ್ವಿ. ಮೀನು ಕೂರ್ಲಿಲ್ಲ, ಕಾಲು ಕಲಿತ್ಕೊಂಡ್ತು. ಕಾದಿಯಾ ದಿನಾ ಅದೇ ಕಲ್ಲಿನ ಮೇಲೆ ಬಟ್ಟೆ ಒಗೀತಾಳೆ, ಊರ ಹೆಂಗಸರೆಲ್ಲ ಅಲ್ಲೇ. ನಾನು ಹೇಳಿದ್ರೆ ಇಲಾಖೆಯವ್ರು ನಂಬಲ್ಲ. ಹೊರಗಿನ ಬೆಸ್ತರನ್ನ ಹೆದರ್ಸಿ ದಂಡೆ ಪೂರಾ ನುಂಗೋಕೆ ಬೋಜೋ ಹೂಡಿದ ಆಟ ಅಂತಾರೆ. ನಿಂಗೆ ಮೀನಿಂದ ಲಾಭವಿಲ್ಲ. ನಾಳೆ ಸಾಹೇಬ್ರು ಬರ್ತಾರೆ. ನೀನೊಂದು ಮಾತು ಹೇಳು. ಒಗೆಯೋ ಕಟ್ಟೆ ಸ್ವಲ್ಪ ದಿನ ಮುಚ್ಲಿ, ನಮಗೆ ರಬ್ಬರ್ ಬೂಟು ಕೊಡ್ಲಿ. ಉಳಿದಿದ್ದು ನಾವು ನೋಡ್ಕೋತೀವಿ."

ಇಷ್ಟು ಹೇಳಿ, ಒಂದೂ ಬೈಗುಳ ಬಿಡದೆ, ಕೊಲಾ ಹೊರಟುಹೋದ.

ಬೇರೆ ಯಾವ ಕುಲದವನಾದರೂ ಇದರಿಂದ ಗಾಬರಿಯಾಗುತ್ತಿದ್ದ. ಆತಿಮೆ ಅಂಗಡಿಯೊಳಗೆ ಕೂತು ಮೆಚ್ಚಿಕೊಂಡ. ಬೈಗುಳವೇ ಇಲ್ಲದ ಬೈಗುಳ. ಎಂಥ ಕಸಬುಗಾರಿಕೆ. ನಡೆಯುವ ಮೀನಿನ ಕಥೆ ಕಟ್ಟಿ, ಮುಖ ಗಂಟುಹಾಕಿ, ಹೆಸರು ಹಿಡಿದು ಕರೆದು, ಅಧ್ಯಕ್ಷನನ್ನು ಸಾಹೇಬರ ಮುಂದೆ ಪೆದ್ದನಾಗಿ ನಿಲ್ಲಿಸುವ ಹಂಚಿಕೆ ಇದು ಎಂದು ಅವನಿಗೆ ಖಾತ್ರಿಯಾಯಿತು. ಚಹಾದ ಕೂಟಕ್ಕೆ ಬಂದು ಅದನ್ನೇ ಹೇಳಿದ. ನಾವೂ ತಲೆದೂಗಿದೆವು. ಒಬ್ಬನಿಗೂ ಬೇರೆ ಯೋಚನೆ ಬರಲಿಲ್ಲ.

ಮರುದಿನ ನೀರು-ಕಾಡು ಇಲಾಖೆಯ ಸಾಮಾಕೆ ಸಾಹೇಬರು ಬಂದು ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಕೊಲಾ ತನಗೆ ತಿಳಿದಷ್ಟು ಹೇಳಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು.

"ಮೀನು ನೀರಲ್ಲಿದ್ರೆ ನಮ್ಮ ಇಲಾಖೆ" ಎಂದರು. "ದಡಕ್ಕೆ ಬಂದು ನಡೀತು ಅಂದ್ರೆ ಪಶು ಇಲಾಖೆ."

"ಅಲ್ಲಿಗೂ ಹೋಗಿದ್ದೆ ಸಾಹೇಬ್ರೆ. ಕಾಲಿಲ್ಲದ್ದು ಪಶು ಅಲ್ಲ ಅಂದ್ರು."

"ಅವ್ರು ಹೇಳೋದೂ ಸರಿ. ಬೋಜೋ ಅಲ್ಲದೋರು ಯಾರಾದ್ರೂ ನೋಡಿದಾರಾ?"

ಎಲ್ಲರೂ ಆತಿಮೆಯತ್ತ ತಿರುಗಿದರು. ಕನ್ನಡಕ ಹೊರಬಂತು. ಕೊಲಾ ಅವನನ್ನೇ ನೋಡುತ್ತಿದ್ದ. ಹಾಗೆ ನೋಡುವುದೂ ಆಟದ ಭಾಗವೇ ಎಂದುಕೊಂಡ ಆತಿಮೆ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರೆ, ಬೋಜೋ ಹೇಳಿದ್ದು ಅಕ್ಷರಶಃ ನಿಜ. ನಿನ್ನೆ ಆ ಮೀನು ನಮ್ಮಂಗಡಿಗೇ ನಡ್ಕೊಂಡು ಬಂದಿತ್ತು. ಈರುಳ್ಳಿ ಕೊಂಡ್ತು. ಸಣ್ಣದು ಬೇಡ, ಮನೇಲಿ ನೆಂಟರಿದಾರೆ, ದಪ್ಪದ್ದೇ ಕೊಡಿ ಅಂತು. ಹೋಗುವಾಗ, ಕೊಲಾ ನಂಗೆ ಚಿಕ್ಕಪ್ಪ ಆಗ್ಬೇಕು, ವಾಸನೇಲೇ ಗುರುತು ಹಿಡಿದೆ ಅಂದ್ಬಿಟ್ಟು ಹೋಯ್ತು."

ಸಾಮಾಕೆ ಸಾಹೇಬರು ಕುರ್ಚಿಯಿಂದ ಜಾರುವಷ್ಟು ನಕ್ಕರು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕೊಲಾ ಎಲ್ಲರ ಮುಖ ನೋಡಿ, ಆಮೇಲೆ ತಾನೂ ನಕ್ಕ. ನಗದಿರುವ ಹಕ್ಕು ಬೋಜೋನಿಗೆ ಇಲ್ಲ. ಸಾಹೇಬರು ಕಣ್ಣೊರೆಸಿಕೊಳ್ಳುತ್ತ, ಮೀನಿಗೆ ಚೀಲ ಹಿಡಿಯಲು ಕೈ ಯಾವಾಗ ಬಂತೆಂದು ಕೇಳಿ ಇನ್ನೊಮ್ಮೆ ನಕ್ಕು, ಜೀಪು ಹತ್ತಿದರು. ವಿಷಯ ಅಲ್ಲಿಗೆ ಮುಗಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮಾತಂತೂ ತುಂಬ ದೂರ ಹೋಯಿತು. ಬಸ್ಸಿನವರು ಒಯ್ದರು, ದೋಣಿಯವರು ಒಯ್ದರು. ಜಿಲ್ಲಾ ರೇಡಿಯೋದವರು ಬೆಳಗಿನ ಕಾರ್ಯಕ್ರಮದಲ್ಲಿ ಈರುಳ್ಳಿ ದರ ಹೇಳಿ, ಮೀನುಗಳಿಗೆ ರಿಯಾಯಿತಿ ಇದೆ ಎಂದು ಸೇರಿಸಿದರು. ಆತಿಮೆ ದಿನವಿಡೀ ಕನ್ನಡಕ ಹಾಕಿಕೊಂಡೇ ಎದೆಯುಬ್ಬಿಸಿ ಓಡಾಡಿದ.

ಒಂದು ಮಧ್ಯಾಹ್ನ ಅವನು ತನ್ನ ಮನೆಯ ಅಂಗಳದಲ್ಲಿ ಕೈಕಾಲು ತೊಳೆಯಲು ಗುಡಾಣದ ಬಳಿ ಹೋದ. ಬುಡದ ಒದ್ದೆ ಮರಳಿನಲ್ಲಿ ಕಂದು ಬಣ್ಣದ್ದೇನೋ ದಿಂಬಿನಂತೆ ಬಿದ್ದಿತ್ತು. ಯಾರೋ ಹಸಿ ತೊಗಲು ಎಸೆದಿದ್ದಾರೆಂದು ಕಬ್ಬಿಣದ ಸೌಟಿನಿಂದ ತಿವಿದ.

ಅವನಿಗೆ ಎಚ್ಚರವಾದಾಗ ಜಜ್ಜಿ ಉಂಡೆ ಕಟ್ಟಿ ಒಣಗಲು ಹಾಕಿದ್ದ ಈರುಳ್ಳಿಯ ನಡುವೆ ಅಂಗಾತ ಬಿದ್ದಿದ್ದ. ಕನ್ನಡಕ ಕಿವಿಯಿಂದ ಜೋತಾಡುತ್ತಿತ್ತು. ಕಂದು ದಿಂಬು ಎರಡು ದಪ್ಪ ರೆಕ್ಕೆ ಊರಿಕೊಂಡು, ಅವಸರವೇನೂ ಇಲ್ಲದೆ, ಬಚ್ಚಲ ಕಡೆ ನಡೆದು ಹೋಗುತ್ತಿತ್ತು.

ಆತಿಮೆ ಬೀದಿಗೆ ಓಡಿ ಬಂದ. "ಮೀನು ನಡೀತಿದೆ! ನಮ್ಮನೇಲೇ!" ಎಂದು ಕೂಗಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದು, ಸಾಲಾಗಿ ನಿಂತು, ಸಂತೋಷದಿಂದ ನಕ್ಕರು.

"ಇವತ್ತೇನು ಕೊಂಡ್ತಪ್ಪ? ಬೆಳ್ಳುಳ್ಳಿನಾ?"

"ದಪ್ಪದ್ದೇ ಕೊಡು ಆತಿಮೆ, ನೆಂಟರು ಇನ್ನೂ ಹೋಗಿಲ್ವಂತೆ."

ಅವನು ಅಣ್ಣಂದಿರೇ ಎಂದ, ತಾಯಂದಿರೇ ಎಂದ, ಬಂಡೆಯ ಆಣೆ ಹಾಕಿದ. ಆಣೆ ಹಾಕಿದಷ್ಟೂ ನಗು ಹೆಚ್ಚಾಯಿತು. ನಮ್ಮ ಕೂಟಕ್ಕೆ ಬಂದ. ನಾವು ಲೋಟ ಕೆಳಗಿಟ್ಟೆವು. ಕೊನೆಗೆ ಕೊಲಾನ ದೋಣಿಗೆ ಓಡಿದ. ಕೊಲಾ ಹಳೆಯ ಟಯರಿನ ಟ್ಯೂಬು ಕತ್ತರಿಸಿ ಕಾಲಿಗೆ ಸುತ್ತಿಕೊಳ್ಳುತ್ತಿದ್ದ. ಯಾರ ಸಹಾಯವೂ ಸಿಗದೆ, ದಿನವೂ ಹೆಂಗಸರು ಒಗೆಯಲು ಬರುವ ಮುಂಚೆ ಕಟ್ಟೆಯ ಕಲ್ಲುಗಳ ಸಂದಿಯಿಂದ ಮೀನು ಬಲೆಗೆಳೆದು ದೂರ ಬಿಟ್ಟು ಬರುವ ಕೆಲಸ ಹಿಡಿದಿದ್ದ.

"ಕೊಲಾ, ನಾನು ನೋಡ್ದೆ."

"ಆ ಕನ್ನಡಕದಲ್ಲಾ?" ಎಂದ ಕೊಲಾ. "ಅದ್ರಲ್ಲಿ ನಿಂಗೆ ನಿನ್ನ ಹೆಂಡ್ತಿನೂ ಚೆಂದ ಕಂಡಿದ್ಲಂತೆ."

ಆತಿಮೆಗೆ ಅಳು ಬರುವಷ್ಟು ಸಮಾಧಾನವಾಯಿತು. ಬೈಗುಳ ಮರಳಿ ಬಂದಿತ್ತು.

"ಅವತ್ತು ಸಾಹೇಬ್ರ ಮುಂದೆ ನಾನು..."

"ಚೆನ್ನಾಗಿತ್ತು ಕಣೋ" ಎಂದ ಕೊಲಾ, ಟ್ಯೂಬಿನ ಗಂಟು ಬಿಗಿಯುತ್ತ. "ದಪ್ಪದ್ದೇ ಕೊಡಿ ಅಂದಿದ್ದು ಚೆನ್ನಾಗಿತ್ತು. ಈ ಟ್ಯೂಬು ತೂತು ಬಿದ್ದಿದೆ. ಬೂಟು ಸಿಕ್ಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಅಷ್ಟೇ."

ಬೂಟು ತಂದೇ ತರುತ್ತೇನೆಂದು ಆತಿಮೆ ಹೊರಟ. ಕೇಳಿದ್ದನ್ನು ಇಲ್ಲವೆನ್ನಬಾರದೆಂಬುದೂ ನೆಂಟಸ್ತಿಕೆಯ ಕಟ್ಟಳೆ. ಮಾತು ಯಾರೂ ನಂಬುವುದಿಲ್ಲ, ಮೀನನ್ನೇ ತೋರಿಸಬೇಕು ಎಂದುಕೊಂಡ. ಮರದ ಸೌಟಿನಿಂದ, ಹೆಂಡತಿಯ ಬೈಗುಳದ ನಡುವೆ, ಬಚ್ಚಲಿನ ಮೀನನ್ನು ಒಂದು ಬೋಗುಣಿಗೆ ದೂಡಿದ. ಮರದ ಸೌಟು ತೆಗೆದುಕೊಳ್ಳುವ ಬುದ್ಧಿ ಬಂದವನಿಗೆ ಬೋಗುಣಿ ತಗಡಿನದೆಂಬುದು ಹೊಳೆಯಲಿಲ್ಲ. ಚೀಲದ ಬಟ್ಟೆ ಸುತ್ತಿ ಅದನ್ನು ಸೊಂಟದ ಮೇಲಿಟ್ಟುಕೊಂಡು, ಬಟ್ಟೆ ಒಣಗಿರುವವರೆಗೆ ಸುಖವಾಗಿ, ಇಲಾಖೆ ಕಚೇರಿ ತಲುಪಿದ. ಬಾಗಿಲಲ್ಲಿ ನೀರು ತುಳುಕಿತು.

ನಮ್ಮಲ್ಲಿ ಕೈಕುಲುಕಿದ ಮೇಲೆ ಕುಶಲ ಮುಗಿಯುವತನಕ ಕೈ ಬಿಡುವುದು ಅವಮರ್ಯಾದೆ. ಸಾಮಾಕೆ ಸಾಹೇಬರು ಮರ್ಯಾದಸ್ಥರು. ನಗುತ್ತಲೇ ಎದ್ದು ಬಂದು ಆತಿಮೆಯ ಕೈ ಹಿಡಿದರು.

"ಮನೇಲೆಲ್ಲ ಕ್ಷೇ...ಮಾನಾ?" ಎಂದರು. ಕ್ಷೇ ಎನ್ನುವಾಗ ಅವರ ಟೊಪ್ಪಿಗೆ ಹಾರಿತು.

"ಕ್ಷೇ...ಮ" ಎಂದ ಆತಿಮೆ. "ತಮ್ಮ ಮಕ್ಕ...ಳು?"

ಸಾಹೇಬರು ನಡುಗುವುದನ್ನು ಕಂಡು ಗುಮಾಸ್ತ ಅವರ ತೋಳು ಹಿಡಿದ. ಗುಮಾಸ್ತನನ್ನು ಡ್ರೈವರ್ ಹಿಡಿದ. ಮಕ್ಕಳು, ದನಕರು, ಅತ್ತೆ ಮಾವ, ಎಲ್ಲರ ಕುಶಲವೂ ಒಂದೊಂದು ಹೊಡೆತದೊಂದಿಗೆ ಸಾಲಿನುದ್ದಕ್ಕೂ ಸಾಗಿತು. ಕೈ ಮಾತ್ರ ಯಾರೂ ಬಿಡಲಿಲ್ಲ. ಬಿಡಲಾರದ್ದೋ ಮರ್ಯಾದೆಯೋ, ಇಂದಿಗೂ ತೀರ್ಮಾನವಾಗಿಲ್ಲ. ಬೋಗುಣಿ ಬಿದ್ದು ಮೀನು ಹೊರಬಂದು, ಎಲ್ಲರೂ ನೆಲದಲ್ಲಿ ಕೂತು ನೋಡುತ್ತಿರುವಾಗ, ಕಡತಗಳ ಕಪಾಟಿನ ತನಕ ನಡೆದು ಹೋಯಿತು.

ಸರ್ಕಾರ ಒಮ್ಮೆ ನಂಬಿದರೆ ಅರ್ಧಂಬರ್ಧ ನಂಬುವುದಿಲ್ಲ. ಅದೇ ಸಂಜೆ ಧ್ವನಿವರ್ಧಕದ ಗಾಡಿ ಹೊರಟಿತು. ರಾಜಧಾನಿಯಿಂದ ಬಂದ ಪಂಡಿತರೊಬ್ಬರು ಇದು ಲೋಕದಲ್ಲೇ ಇಲ್ಲದ ಹೊಸ ಬಗೆಯೆಂದು ರೇಡಿಯೋದಲ್ಲಿ ಹೇಳಿ, ಅದರ ಹೆಸರಿನ ಬಾಲಕ್ಕೆ ತಮ್ಮ ಹೆಸರು ಸೇರಿಸಿದರು. ಕೈಕುಲುಕುವುದು ನಿಷೇಧವಾಯಿತು. ಜನ ಬೀದಿಯ ಆ ಬದಿ ಈ ಬದಿ ನಿಂತು ಅತ್ತೆ ಮಾವಂದಿರ ಕುಶಲ ಕೂಗಿ ಕೇಳತೊಡಗಿದರು, ಮನೆಯ ಗುಟ್ಟುಗಳೆಲ್ಲ ಬಯಲಾದವು. ಒಬ್ಬ ಮೀನಿಗೆ ಫೋನ್ ಚಾರ್ಜ್ ಮಾಡುವ ವೈರು ಕಟ್ಟಲು ಹೋಗಿ ಹುಬ್ಬು ಸುಟ್ಟುಕೊಂಡ. ಹುರಿದರೆ ಹೇಗಿರುತ್ತದೆಂದು ಕೇಳಿದವರೇ ಹೆಚ್ಚು.

ಒಂದು ಸಮಿತಿಯಾಯಿತು. ಅದಕ್ಕೆ ಅಧ್ಯಕ್ಷ ಆತಿಮೆ ಗಿಂದೋ. ಲಾರಿಯಲ್ಲಿ ರಬ್ಬರ್ ಬೂಟುಗಳೂ ಬಂದವು. ಆದರೆ ದೊಡ್ಡ ಸಾಹೇಬರು ಬಂದು ರಿಬ್ಬನ್ ಕತ್ತರಿಸದೆ ಬೂಟು ಹಂಚುವ ಹಾಗಿರಲಿಲ್ಲ. ಅವರು ಶುಕ್ರವಾರ ನಮಾಜಿನ ನಂತರ ಬರುವವರಿದ್ದರು. ಒಗೆಯುವ ಕಟ್ಟೆಯನ್ನೂ ಅಂದೇ ವಿಧಿಪೂರ್ವಕ ಮುಚ್ಚುವುದೆಂದಾಯಿತು. ಬೂಟಿನ ಕೋಣೆಯ ಬೀಗದ ಕೈ ಸಮಿತಿಯ ಅಧ್ಯಕ್ಷನ ಜೇಬಿನಲ್ಲೇ ಇತ್ತು.

ಒಂದು ಜೊತೆ ತೆಗೆದು ಕೊಲಾನಿಗೆ ಕೊಡಬಹುದಿತ್ತು. ಆತಿಮೆಗೆ ಅದು ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಜೊತೆಗೆ ಇನ್ನೂ ಚೆಂದದ ಯೋಚನೆಯೊಂದು ಹೊಳೆಯಿತು. ವೇದಿಕೆಯ ಮೇಲೆ, ಊರೆಲ್ಲ ನೋಡುತ್ತಿರುವಾಗ, ಮೊದಲ ಜೊತೆ ಬೂಟು ಕೊಲಾನ ಕೈಗೆ ಕೊಡಬೇಕು. ಕೊಡುವಾಗ ನೂರು ವರ್ಷ ಜನ ನೆನೆಯುವಂಥ ಒಂದು ಬೈಗುಳ ಬೈಯಬೇಕು. ಅವತ್ತು ಮಾವಿನ ಮರದ ಕೆಳಗೆ ಮಾಡಿದ್ದನ್ನು ಅದು ತೊಳೆದುಹಾಕುತ್ತದೆ. ಆ ಬೈಗುಳವನ್ನು ಅವನು ನಮ್ಮ ಕೂಟದಲ್ಲಿ ಕೂತು ತಿದ್ದಿದ, ತೀಡಿದ. ನಾವೂ ಕೈಜೋಡಿಸಿದೆವು. ಒಬ್ಬ ಒಂದು ಪದ ಕೊಟ್ಟ, ಇನ್ನೊಬ್ಬ ಎರಡು ಕಿತ್ತ. ಚಹಾ ಆರಿ ತಣ್ಣಗಾಗುತ್ತಿತ್ತು.

ಗುರುವಾರ ಬೆಳಗ್ಗೆ ಹೆಂಗಸರು ಬಟ್ಟೆಯ ಗಂಟು ಹೊತ್ತು ಕಟ್ಟೆಗೆ ಹೋದಾಗ ಕೊಲಾ ಕೆಸರಿನಲ್ಲಿ ಬೋರಲು ಬಿದ್ದಿದ್ದ. ಬಲೆ ಅವನ ಮುಷ್ಟಿಯಲ್ಲೇ ಇತ್ತು. ಕಾಲಿನ ಟ್ಯೂಬು ಬಿಚ್ಚಿಹೋಗಿತ್ತು. ಕಲ್ಲಿನ ಸಂದಿಗಳು ಖಾಲಿಯಾಗಿದ್ದವು, ಅಂದು ಒಬ್ಬ ಹೆಂಗಸಿಗೂ ಏನೂ ಆಗಲಿಲ್ಲ.

ನಮ್ಮಲ್ಲಿ ಮಣ್ಣು ಮಾಡಲು ತಡ ಮಾಡುವುದಿಲ್ಲ. ಚಾಪೆಯಲ್ಲಿ ಸುತ್ತಿದ ಕೊಲಾನನ್ನು ಅಂಗಳದಲ್ಲಿ ಮಲಗಿಸಿದ್ದರು. ಕಾದಿಯಾ ಗೋಡೆಗೊರಗಿ ಕೂತಿದ್ದಳು. ಅಳು ನಿಂತಿತ್ತು. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು, ದೋಗೋನ ಬರಬೇಕಿತ್ತು. ಅವನು ಬಂದು ನಗಿಸದೆ ಬೋಜೋನ ಹೆಣ ಏಳುವುದಿಲ್ಲ.

ಆತಿಮೆ ಒಂದು ಜೊತೆ ರಬ್ಬರ್ ಬೂಟು ಹಿಡಿದು ಬಂದ. ಕನ್ನಡಕ ಹಾಕಿದ್ದ. ಚಾಪೆಯ ಕಾಲಬದಿಗೆ ಕುಕ್ಕರಗಾಲಿನಲ್ಲಿ ಕೂತು ಬೂಟನ್ನು ಪಾದಕ್ಕೆ ಹಿಡಿದು ಅಳತೆ ನೋಡಿದ.

"ಏಳೋ ಮೀನುನಾತ" ಎಂದ. "ಈ ಬೂಟು ನಿಂಗಲ್ಲ ಕಣೋ, ನದಿಗೆ. ನಿನ್ನ ಕಾಲು ತೊಳೆದೂ ತೊಳೆದೂ ಅದಕ್ಕೆ ಶೀತ ಆಗಿದೆಯಂತೆ."

ನಮಗೆ ಆ ಬೈಗುಳ ಗೊತ್ತಿತ್ತು. ಅದರ ಒಂದೊಂದು ಪದವೂ ಯಾರು ಕೊಟ್ಟದ್ದೆಂದು ಗೊತ್ತಿತ್ತು. ಆದರೂ ಅಂಗಳ ನಕ್ಕಿತು. ಕಾದಿಯಾಳೂ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಆತಿಮೆ ಉಮೇದಿನಿಂದ ಚಾಪೆಯ ಪಕ್ಕ ನೆಲದ ಮೇಲೆ ಮಲಗಿದ. "ನೋಡ್ರಪ್ಪ, ಸತ್ತಿಲ್ಲ ಇವ್ನು, ಆಟ ಕಟ್ಟಿದಾನೆ. ನಡೆಯೋ ಮೀನಂತೆ, ಅದು ಹೊಡೀತಂತೆ. ಅಂಥದ್ದು ಇಲ್ವೇ ಇಲ್ಲಾಂತ ನಾನೇ ಸಾಹೇಬ್ರನ್ನ ನಗಿಸಿ ಕಳ್ಸಿದೀನಿ. ಏಳೋ." ಮತ್ತೆ ನಗು. ಅಲ್ಲಿಗೆ ಏಳಬೇಕಿತ್ತು, ಪದ್ಧತಿ ಅಷ್ಟೇ. ಅವನು ಏಳಲಿಲ್ಲ. "ಏಳು ಕೊಲಾ. ನಾಳೆ ವೇದಿಕೆ ಇದೆ. ಏಳು. ಬೈಯಿ ನನ್ನ. ಒಂದೇ ಒಂದು ಬೈಯಿ." ನಗು ಒಬ್ಬೊಬ್ಬರಲ್ಲೇ ನಿಂತಿತು. ಇಮಾಮರು ಕಾದರು. ಅವನು ಚಾಪೆಯ ಅಂಚು ಹಿಡಿದುಕೊಂಡು, ಏಳು, ಏಳು ಎನ್ನುತ್ತಲೇ ಇದ್ದ.

ಕಾದಿಯಾ ಎದ್ದು ಬಂದು ಅವನ ಭುಜ ಮುಟ್ಟಿದಳು. ಅವಳೂ ಬೋಜೋ. ಕೊಡುವ ಸಾಂತ್ವನವನ್ನೂ ಬೈಗುಳದಲ್ಲೇ ಕೊಡಬೇಕು.

"ಸಾಕು ಏಳೋ ಈರುಳ್ಳಿ" ಎಂದಳು. "ನಿನ್ನ ಮಾತು ನಮ್ಮನೆಯವ್ರು ಯಾವತ್ತು ನಂಬಿದ್ರು, ಇವತ್ತು ನಂಬೋಕೆ?"

ಶುಕ್ರವಾರದ ಸಮಾರಂಭ ನಡೆಯಿತು. ರಿಬ್ಬನ್ ಕತ್ತರಿಸಿದರು, ಬೂಟು ಹಂಚಿದರು, ಕಟ್ಟೆ ಮುಚ್ಚಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನಾವು ಆಡಿಕೊಳ್ಳಬಹುದಿತ್ತು. ಆ ಬಾಗಿಲ ಮುಂದೆ ಲೋಟ ಹಿಡಿದು ಕೂತಿದ್ದವರು ನಾವೇ ಆದ್ದರಿಂದ ಆಡಿಕೊಳ್ಳಲಿಲ್ಲ. ಅಧ್ಯಕ್ಷರು ಭಾಷಣ ಮಾಡಲಿಲ್ಲ. ಈಗ ಮೀನಿನೊಂದಿಗೆ ಬದುಕಲು ಕಲಿತಿದ್ದೇವೆ. ಗುಡಾಣಗಳು ಮರದ ಅಟ್ಟ ಏರಿವೆ, ಬೂಟಿಲ್ಲದೆ ಯಾರೂ ದಂಡೆಗಿಳಿಯುವುದಿಲ್ಲ, ಮೀನೂ ನಮಗೆ ಹೆದರಿ ದೂರ ನಡೆಯುವುದನ್ನು ಕಲಿತಿದೆ.

ಬೋಜೋ ಹುಡುಗರು ಈಗಲೂ ಆತಿಮೆಯ ಅಂಗಡಿ ಮುಂದೆ ಹಾಯುವಾಗ ಬೈಯುತ್ತಾರೆ, ಅದು ಅವರ ಹಕ್ಕು. ಅವನು ತಿರುಗಿ ಬೈಯುವುದಿಲ್ಲ. ಅವರು ಏನು ಹೇಳಿದರೂ ನಂಬುತ್ತಾನೆ. ನಿನ್ನ ಕತ್ತೆ ರೈಲು ಹತ್ತಿ ಹೋಯಿತೆಂದರೆ ಎದ್ದು ಹುಡುಕಲು ಹೊರಡುತ್ತಾನೆ. ಹುಡುಗರಿಗೆ ಇದರಲ್ಲಿ ರುಚಿಯಿಲ್ಲ, ಹೇಗಾದರೂ ಒಂದು ಬೈಗುಳ ಹೊರಡಿಸಬೇಕೆಂದು ದಿನದಿನಕ್ಕೆ ಸುಳ್ಳನ್ನು ದೊಡ್ಡದು ಮಾಡುತ್ತಾರೆ. ಮೊನ್ನೆ ಒಬ್ಬ ಬಂದು, "ಏ ಈರುಳ್ಳಿ, ಮೊಸಳೆಗೆ ರೆಕ್ಕೆ ಬಂದಿದೆ, ಹಾರ್ತಿದೆ" ಎಂದ.

ಆತಿಮೆ ತಕ್ಕಡಿ ಕೆಳಗಿಟ್ಟ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಗೆ ಬಂದ. "ಯಾವ ಕಡೆಯಿಂದಪ್ಪ?" ಎಂದು ಕೇಳಿ, ಹುಡುಗನ ಹೆಗಲ ಮೇಲೆ ಕೈಯಿಟ್ಟು ಅವನನ್ನು ಸೂರಿನ ಕೆಳಗೆ ಎಳೆದುಕೊಂಡು, ತಲೆಯೆತ್ತಿ ಆಕಾಶ ನೋಡುತ್ತ ನಿಂತ.